ಫರಸಿ ಗೌಂಡಿಯ ಮೊಣಕಾಲು

ಅವರು ದಾರಿಯಲ್ಲಿ ಎದುರಾದರೆ ಮೊದಲು ನಮ್ಮ ನಡಿಗೆ ನೋಡುತ್ತಿದ್ದರು. ನಮಸ್ಕಾರ, ಮನೆಯ ಕ್ಷೇಮಸಮಾಚಾರ ಎಲ್ಲ ಆಮೇಲೆ. "ಅಕ್ಕೋರ, ಎಡಗಾಲ ಸ್ವಲ್ಪ ಎಳಿಯಾಕತ್ತೀರಲ್ಲ. ನೆಲಾ ಒರಸುವಾಗ ಬರೇ ಮೊಣಕಾಲ ಊರ್ತೀರಿ, ಹೌದಲ್ರಿ?" ಎಂದು ನಡುರಸ್ತೆಯಲ್ಲಿ ನಿಲ್ಲಿಸಿ ಕೇಳುವರು. ಹೌದು ಎಂದರೆ ನನ್ನ ಬಸ್ಸು ತಪ್ಪಿತೆಂದೇ ಅರ್ಥ. ಅಲ್ಲೇ ತಮ್ಮ ಪ್ಯಾಂಟಿನ ಕಾಲನ್ನು ಮೇಲೆತ್ತಿ, ಮೊಣಕಾಲಿನ ಚಿಪ್ಪಿನ ಮೇಲೆ ಬೆರಳಿಟ್ಟು, ಭಾರ ಎಲ್ಲಿ ಬೀಳುತ್ತದೆ, ನೀರು ಎಲ್ಲಿ ತುಂಬುತ್ತದೆ, ಊದಿಕೊಂಡಾಗ ಯಾಕೆ ಎಣ್ಣೆ ಹಚ್ಚಿ ತಿಕ್ಕಬಾರದು ಎಂದು ಶುರು ಮಾಡುತ್ತಿದ್ದರು. ಹೋಗಿ ಬರುವ ಜನ ನಿಂತು ನೋಡುತ್ತಿದ್ದರು. ಅವರಿಗೆ ಅದರ ಪರಿವೆ ಇರುತ್ತಿರಲಿಲ್ಲ.

ಕಳೆದ ಮಳೆಗಾಲದ ಕೊನೆಯಲ್ಲಿ ಅವರು ತೀರಿಕೊಂಡರು. ಯಲಬುರ್ಗಾದಲ್ಲಿ ಯಾರದೋ ಮನೆಯ ಕೆಲಸದಲ್ಲಿದ್ದಾಗ ಎದೆ ಹಿಡಿದುಕೊಂಡು ಗೋಡೆಗೊರಗಿ ಕೂತರಂತೆ. ಕೊಪ್ಪಳ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಬಗ್ಗೆ ಬರೆಯಬೇಕೆಂದು ಅಂದಿನಿಂದಲೂ ಅನಿಸುತ್ತಿತ್ತು. ಬರೆಯಲೇ ಎಂದು ಅವರ ಹೆಂಡತಿಯನ್ನು ಕೇಳಿದೆ. "ಬರೀರಿ, ಆದ್ರ ಹೆಸರ ಬ್ಯಾಡ" ಎಂದರು. ಹೆಸರು ಬೇಕಾಗಿಯೂ ಇಲ್ಲ. ಕುಷ್ಟಗಿಯ ನಮ್ಮ ಓಣಿಗೆಲ್ಲ ಅವರು ಫರಸಿ ಗೌಂಡಿ. ನೆಲಕ್ಕೆ ಕಲ್ಲು ಹಾಸುವುದನ್ನು ನಮ್ಮ ಕಡೆ ಫರಸಿ ಹಾಕುವುದು, ಗಾರೆ ಕೆಲಸದವರನ್ನು ಗೌಂಡಿ ಎನ್ನುತ್ತಾರೆ. ಕಲ್ಲು ಹೋಗಿ ಗ್ರಾನೈಟು, ಟೈಲ್ಸು ಬಂದ ಮೇಲೂ ಅವರಿಗೆ ಆ ಹೆಸರೇ ಉಳಿಯಿತು. ನಾನು ಇಲ್ಲಿನ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಪಾಠ ಹೇಳುವ ಹೆಂಗಸರನ್ನು ನಮ್ಮಲ್ಲಿ ಅಕ್ಕೋರು ಎನ್ನುತ್ತಾರಾದ್ದರಿಂದ ಅವರಿಗೂ ಅವರ ಹೆಂಡತಿಗೂ ನಾನು ಅಕ್ಕೋರು. ನಮ್ಮ ಮನೆಯ ಹಿತ್ತಲ ಗೋಡೆಯಾಚೆಯೇ ಅವರ ಮನೆ.

ಕುಳ್ಳ ಆಳು, ಗಟ್ಟಿ ಭುಜ, ಕಿವಿಯ ಸಂದಿಯಲ್ಲಿ ಸದಾ ಒಂದು ಪೆನ್ಸಿಲು. ಮಾತು ಜಾಸ್ತಿ. ತಮ್ಮ ಕೆಲಸದ ಬಗ್ಗೆ ಜಂಬವೂ ಇತ್ತು, ಅದನ್ನು ಮುಚ್ಚಿಡುವ ಗೋಜಿಗೆ ಹೋದವರಲ್ಲ. ಯಾರದಾದರೂ ಲಗ್ನಕ್ಕೆ ಹೋದರೆ ಅಕ್ಷತೆ ಹಾಕುವ ಮೊದಲು ಮಂಟಪದ ನೆಲವನ್ನು ಬೆರಳ ಗೆಣ್ಣಿನಿಂದ ತಟ್ಟಿ, "ಪೊಳ್ಳು ಐತಿ. ಯಾವಾಂವ ಹಾಕ್ಯಾನೋ!" ಎಂದು ಪಕ್ಕದವರಿಗೆ ಕೇಳಿಸುವಂತೆ ಹೇಳುವರು. ಹೆಂಡತಿ ಮೊಳಕೈಯಿಂದ ತಿವಿದರೆ ನಗುವರು.

ಆ ಹೆಂಡತಿ ಗಂಗಾವತಿಯಾಚೆಯ ಸಿದ್ದಾಪುರದ ಕಡೆಯವರು. ಕಾಲುವೆ ನೀರಿನ ಸೀಮೆ, ಭತ್ತದ ನಾಟಿಯಲ್ಲಿ ಪಳಗಿದ ಕೈ. ಮಾತು ತೀರಾ ಕಡಿಮೆ. ಗಂಡನನ್ನು "ಅವರು", "ನಮ್ಮ ಮನಿಯವರು" ಎಂದಲ್ಲದೆ ಬೇರೆ ರೀತಿಯಲ್ಲಿ ಕರೆದವರಲ್ಲ. ಮದುವೆಯಾಗಿ ಕುಷ್ಟಗಿಗೆ ಬಂದ ಹೊಸದರಲ್ಲೇ ಗಂಡನ ಜೊತೆ ಕೆಲಸಕ್ಕೆ ನಿಂತರು. ಗಂಡ ಟೈಲ್ಸು ಕೂರಿಸಿದ ಮೇಲೆ ಸಂದಿಗಳಿಗೆ ಬಿಳಿ ಸಿಮೆಂಟು ತುಂಬುವುದು, ಒಣಗುವ ಮೊದಲು ಒದ್ದೆ ಅರಿವೆಯಿಂದ ಒರೆಸಿ ತೆಗೆಯುವುದು ಅವರ ಪಾಲು. ಜೋಡಿಯಾಗಿ ಕೆಲಸಕ್ಕೆ ಹೋಗಿ ಜೋಡಿಯಾಗಿ ಬರುತ್ತಿದ್ದರು. ಸ್ಕೂಟರಿನ ಹಿಂದೆ ಬಕೆಟ್ಟು ಹಿಡಿದು ಕೂತ ಆಕೆಯನ್ನು ನಾನು ದಿನವೂ ಶಾಲೆಗೆ ಹೋಗುವ ಹೊತ್ತಿಗೆ ನೋಡುತ್ತಿದ್ದೆ.

ಗೌಂಡಿಯವರಿಗೆ ಮೊಣಕಾಲಿನ ವಿದ್ಯೆ ಬಂದದ್ದು ಅವರದೇ ಮೊಣಕಾಲು ಕೈಕೊಟ್ಟ ಮೇಲೆ. ಆ ಕತೆಯನ್ನು ಅವರು ಎಷ್ಟು ಸಲ ಹೇಳಿದ್ದಾರೋ! ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರಿಯೊಬ್ಬರ ಹೊಸ ಮನೆ. ಮಗಳ ಲಗ್ನ ಹತ್ತಿರ ಬಂದಿತ್ತು, ನೆಲ ಮುಗಿಸಲೇಬೇಕು. ಬೆಳಗಿನಿಂದ ಹೊತ್ತು ಮುಳುಗುವವರೆಗೆ ಬರಿ ಗ್ರಾನೈಟಿನ ಮೇಲೆ ಮೊಣಕಾಲೂರಿ, ಊಟಕ್ಕೆ ಮಾತ್ರ ಎದ್ದು ದುಡಿದರು. ಕೆಲಸ ಮುಗಿಯುವ ಹೊತ್ತಿಗೆ ಎಡ ಮೊಣಕಾಲಿನ ಮುಂದೆ ಮೋಸಂಬಿಯಷ್ಟು ಬಾವು.

"ಮೊಣಕಾಲ ಮ್ಯಾಲ ಇನ್ನೊಂದು ಮೊಣಕಾಲ ಹುಟ್ಟಿದಂಗ ಆಗಿತ್ರಿ" ಎನ್ನುವರು. "ಮುಟ್ಟಿದ್ರ ಮೆತ್ತಗ, ಒಳಗ ನೀರಾಡತಿತ್ತು. ನಾ ಶಾಣ್ಯಾ ನೋಡ್ರಿ, ದವಾಖಾನಿಗೆ ಹೋಗ್ಲಿಲ್ಲ. ಯಲಬುರ್ಗಾ ಹತ್ರ ಎಲುಬು ಕೂಡಸಾಂವ ಒಬ್ಬಾಂವ ಅದಾನ ಅಂದ್ರು. ಹೋದ್ನಿ. ಎಣ್ಣಿ ಕಾಸಿ ಹಚ್ಚಿ ತಿಕ್ಕಿದ, ತಿಕ್ಕಿದ, ಆಮ್ಯಾಲ ಸೊಪ್ಪ ಅರದು ಬಿಗದು ಕಟ್ಟಿದ. ಮನಿಗೆ ಬರೂದ್ರಾಗ ಕಾಲ ಕೆಂಡ ಆಗಿತ್ತು."

ಬಾವು ಕೆಂಪಾಗಿ, ಕಾದು, ಜ್ವರ ಬಂತು. ಜ್ವರದಲ್ಲಿ ಬಡಬಡಿಸುತ್ತಿದ್ದ ಗಂಡನನ್ನು ಹೆಂಡತಿ ಒಬ್ಬರೇ ಹೆಗಲಿಗೆ ಆನಿಸಿಕೊಂಡು ಬಸ್ಸು ಹತ್ತಿಸಿ ಕೊಪ್ಪಳದ ದವಾಖಾನೆಗೆ ಕರೆದೊಯ್ದರು. ಡಾಕ್ಟರು ಸೂಜಿ ಹಾಕಿ ನೀರು ತೆಗೆದರು. ನೀರಲ್ಲ, ಕೀವಾಗಿತ್ತು. ಇನ್ನೂ ತಡವಾಗಿದ್ದರೆ ಕೀಲಿಗೇ ಇಳಿಯುತ್ತಿತ್ತು ಎಂದು ಬೈದು ಒಳಗೆ ಮಲಗಿಸಿಕೊಂಡು ಇಂಜೆಕ್ಷನ್ನು ಕೊಟ್ಟರು. ಕೆಂಪಾದ, ಕಾದ ಬಾವಿರುವ ಮೊಣಕಾಲನ್ನು ಯಾರಿಂದಲೂ ತಿಕ್ಕಿಸಬೇಡಿ, ನೆಟ್ಟಗೆ ಡಾಕ್ಟರ ಹತ್ತಿರ ಹೋಗಿ ಎಂದು ಗೌಂಡಿಯವರು ಊರಿಗೆಲ್ಲ ಸಾರುತ್ತಿದ್ದುದರ ಹಿಂದೆ ಆ ದಿನದ ಭಯ ಇತ್ತು.

ಗಾಯ ಮಾಗಿದ ಮೇಲೆ ಅದೇ ದವಾಖಾನೆಯಲ್ಲಿ ವ್ಯಾಯಾಮ ಕಲಿಸುವ ಒಬ್ಬ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಚಿಕ್ಕ ವಯಸ್ಸಿನಾಕೆ. ಮೊಣಕಾಲೂರುವ ಕೆಲಸ ಬಿಡಲಾಗುತ್ತದೆಯೇ ಎಂದು ಕೇಳಿದಳಂತೆ.

"ಕೆಲಸಾ ಬಿಟ್ಟು ಬರೇ ಮೊಣಕಾಲ ಇಟ್ಕೊಂಡು ಏನ್ ಮಾಡ್ಲಿ ಮೇಡಂ?" ಎಂದರು ಇವರು.

ಆಕೆ ನಕ್ಕು, ಹಾಗಾದರೆ ಎರಡನ್ನೂ ಉಳಿಸಿಕೊಳ್ಳೋಣ, ಆದರೆ ನಾನು ಹೇಳಿದ ಹಾಗೆ ಕೇಳಬೇಕು ಎಂದಳು. ಅವರು ಕೇಳಿದರು. ಅಷ್ಟು ಚಾಚೂ ತಪ್ಪದೆ ಡಾಕ್ಟರ ಮಾತು ಕೇಳಿದ ಇನ್ನೊಬ್ಬರನ್ನು ನಾನು ನೋಡಿಲ್ಲ. ಬೆಳಿಗ್ಗೆ ಚಹಾಕ್ಕೆ ಮೊದಲು ಹೊರಸಿನ ಮೇಲೆ ಕಾಲು ನೀಡಿ ಕೂತು, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ಲಿಟ್ಟು ಅದನ್ನು ಅದುಮುತ್ತಿದ್ದರು. ತೊಡೆಯ ಸ್ನಾಯು ಬಿಗಿಯಾಗುವುದನ್ನು ಕೈಯಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಆಮೇಲೆ ಮಲಗಿ, ಮಂಡಿ ಮಡಚದೆ ಒಂದೊಂದೇ ಕಾಲನ್ನು ನಿಧಾನವಾಗಿ ಎತ್ತಿ ಇಳಿಸುವುದು. "ಮೊಣಕಾಲಿಗೆ ತ್ರಾಣ ಇರೂದು ಮೊಣಕಾಲಾಗ ಅಲ್ಲ, ತೊಡ್ಯಾಗ" ಎಂದು ಹಿತ್ತಲ ಗೋಡೆಯ ಮೇಲಿಂದ ನನಗೂ ಪಾಠವಾಗುತ್ತಿತ್ತು. ಮೊದಲು ಟಯರಿನ ಟ್ಯೂಬಿಗೆ ಗಾದಿಯ ಅರಳೆ ತುಂಬಿ ತಾವೇ ಮೊಣಕಾಲಿಗೆ ಕಟ್ಟುವ ಮೆತ್ತೆ ಹೊಲಿದುಕೊಂಡರು. ಆಮೇಲೆ ಗಂಗಾವತಿಯ ಅಂಗಡಿಯಲ್ಲಿ ಕಪ್ಪು ರಬ್ಬರಿನವು ಸಿಕ್ಕವು. ಅವನ್ನು ಕಟ್ಟಿಕೊಳ್ಳದೆ ಒಂದು ಕಲ್ಲನ್ನೂ ಮುಟ್ಟುತ್ತಿರಲಿಲ್ಲ. ಉಳಿದ ಗೌಂಡಿಗಳು, "ಏನೋ, ಕ್ರಿಕೆಟ್ ಆಡಾಕ ಹೊಂಟಿಯೇನು?" ಎಂದು ನಗುತ್ತಿದ್ದರು. "ನಗ್ರಿ, ನಗ್ರಿ. ಮುಂದ ಕೋಲ ಹಿಡಕೊಂಡು ನನ್ನ ಮನಿಗೇ ಬರ್ತೀರಿ" ಎಂದು ಇವರೂ ನಗುತ್ತಿದ್ದರು. ಕೆಲವರು ಹಾಗೆಯೇ ಬಂದರು ಕೂಡ.

ನಮ್ಮ ಮನೆಗೆ ಅವರು ಕೆಲಸಕ್ಕೆ ಬಂದದ್ದು ನಾವು ಎರಡು ಖೋಲಿ ಹೊಸದಾಗಿ ಕಟ್ಟಿಸಿದಾಗ. ಹತ್ತಿರದಿಂದ ನೋಡಿದ್ದು ಆಗಲೇ. ಒಂದು ಸಾಲು ಟೈಲ್ಸು ಕೂರಿಸಿದ ಕೂಡಲೇ ಎದ್ದು ನಿಲ್ಲುತ್ತಿದ್ದರು. ಗೋಡೆ ಹಿಡಿದು ಒಂದು ಕಾಲನ್ನು ಹಿಂದಕ್ಕೆ ಮಡಚಿ ಪಾದ ಹಿಡಿದುಕೊಂಡು ನಿಂತು, ಆಮೇಲೆ ಇನ್ನೊಂದು. ಖೋಲಿಯಲ್ಲಿ ಒಂದು ಸುತ್ತು ಅಡ್ಡಾಡಿ ಮತ್ತೆ ಕೂರುವರು. ಮುಂದಿನ ಸಾಲಿಗೆ ಎರಡೂ ಮೊಣಕಾಲು ಊರದೆ ಒಂದನ್ನು ಊರಿ ಒಂದು ಪಾದ ಮುಂದಿಡುವರು, ಅದರ ಮುಂದಿನದಕ್ಕೆ ಕಾಲು ಬದಲು. ನಮ್ಮತ್ತೆಗೆ ಇದೆಲ್ಲ ಮೈಗಳ್ಳತನದ ಹಾಗೆ ಕಂಡಿತು.

"ಏನಪಾ, ಸಾಲಿಗೊಮ್ಮೆ ಎದ್ದು ಕುಣೀತಿಯಲ್ಲ, ಕೆಲಸ ಯಾವಾಗ ಮುಗೀತೈತಿ?" ಎಂದು ಕೇಳಿಯೇ ಬಿಟ್ಟರು.

"ಅವ್ವಾ, ಕುಣಿದ್ರನ ಮುಗೀತೈತಿ. ಕುಣೀಲಿಲ್ಲಂದ್ರ ಅರ್ಧಕ್ಕ ನಾ ಮುಗೀತೀನಿ" ಎಂದರು ಗೌಂಡಿ. ಆಮೇಲೆ ಅತ್ತೆಯನ್ನೇ ಹಿಡಿದುಕೊಂಡರು. ದೇವರ ಮನೆಯನ್ನು ಅತ್ತೆ ದಿನವೂ ಮೊಣಕಾಲೂರಿ ಒರೆಸುತ್ತಿದ್ದರು, ರಾತ್ರಿ ಮಂಡಿ ಹಿಡಿದು ನರಳುತ್ತಿದ್ದರು. ಗೌಂಡಿಯವರು ಒಂದು ದಪ್ಪ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟು, ಒರೆಸಲೇಬೇಕಾದರೆ ಇದರ ಮೇಲೆ ಮೊಣಕಾಲಿಡಿ, ಏಳುವಾಗ ಕೈ ಊರಲು ಒಂದು ಸ್ಟೂಲು ಹತ್ತಿರ ಇಟ್ಟುಕೊಳ್ಳಿ, ಅದಕ್ಕಿಂತಲೂ ಒಳ್ಳೆಯದು, ಉದ್ದ ಕೋಲಿನ ಒರೆಸುವ ಬಟ್ಟೆ ತನ್ನಿ, ದೇವರೇನೂ ಮುನಿಯುವುದಿಲ್ಲ ಎಂದರು. ಅತ್ತೆ ಮೊದಮೊದಲು ಮೂಗು ಮುರಿದರು. ಆಮೇಲೆ ಬಂದವರಿಗೆಲ್ಲ "ಗೌಂಡಿ ಹೇಳ್ಯಾನ" ಎಂದು ಕೌದಿ ತೋರಿಸತೊಡಗಿದರು.

ಗಂಡ ಮುಂದಿನ ಖೋಲಿಯಲ್ಲಿ ಹೀಗೆ ಮಾತಾಡುತ್ತ ಟೈಲ್ಸು ಕೂರಿಸುತ್ತಿದ್ದಾಗ ಹೆಂಡತಿ ಹಿಂದಿನ ದಿನ ಮುಗಿದ ಖೋಲಿಯಲ್ಲಿ ಸಂದಿ ತುಂಬುತ್ತಿದ್ದರು. ಸೀರೆಯ ನೆರಿಗೆ ಎತ್ತಿ ಕಟ್ಟಿ, ಬರಿ ಮೊಣಕಾಲಲ್ಲಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತೆವಳುತ್ತ ಹೋಗುವ ಕೆಲಸ ಅದು. ನಡುವೆ ಏಳಲು ಆಗುವುದಿಲ್ಲ, ಸಿಮೆಂಟು ಬಿಗಿದುಬಿಡುತ್ತದೆ. ನಾನು ಚಹಾ ಒಯ್ದರೆ, "ಅಲ್ಲೇ ಇಟ್ಟು ಹೋಗ್ರಿ ಅಕ್ಕೋರ, ಇದೊಂದು ಮುಗಸ್ತೀನಿ" ಎನ್ನುವರು. ಏಳುವುದನ್ನು ಯಾರೂ ನೋಡಬಾರದೆಂದು ಹಾಗೆ ಹೇಳುತ್ತಿದ್ದರೇನೋ. ಆ ಮಾತು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ, ಎಲ್ಲ ಗೊತ್ತಾದ ಮೇಲೆ.

ಗೊತ್ತಾದದ್ದು ಹನುಮನಹಳ್ಳಿಯಲ್ಲಿ.

ಅಲ್ಲಿ ಹನುಮಂತನ ಬೆಟ್ಟ ಅಂಜನಾದ್ರಿಗೆ ಬರುವ ಜನರಿಗಾಗಿ ಒಬ್ಬರು ವಸತಿಗೃಹ ಕಟ್ಟಿಸುತ್ತಿದ್ದರು. ದೊಡ್ಡ ಕೆಲಸ, ಗಂಡ ಹೆಂಡತಿ ಅಲ್ಲೇ ಉಳಿದುಕೊಂಡು ಮಾಡಿದರು. ಸಂಜೆ ಕೆಲಸ ಬಿಟ್ಟ ಮೇಲೆ ಗೌಂಡಿಯವರು ಬೆಟ್ಟದ ಬುಡಕ್ಕೆ ಹೋಗಿ ನಿಲ್ಲುತ್ತಿದ್ದರಂತೆ. ಮೆಟ್ಟಿಲಿಳಿದು ಮಂಡಿ ಹಿಡಿದು ಕೂತವರನ್ನು ಕಂಡರೆ ಸುಮ್ಮನಿರಲು ಅವರಿಂದ ಆಗುತ್ತಿರಲಿಲ್ಲ. "ಹತ್ತೂದು ದೇವರ ಮ್ಯಾಲಿನ ಭಕ್ತಿ, ಇಳಿಯೂದು ಮೊಣಕಾಲ ಮ್ಯಾಲಿನ ಭಾರ. ಕಂಬಿ ಹಿಡಕೊಂಡು, ಸ್ವಲ್ಪ ಅಡ್ಡಾಗಿ, ಸಾವಕಾಶ ಇಳೀರಿ" ಎಂದು ಗುರುತಿಲ್ಲದವರಿಗೂ ಹೇಳುತ್ತಿದ್ದರು. ಹೈದರಾಬಾದಿನ ಕಡೆಯ ಒಂದು ಕುಟುಂಬ ಅವರನ್ನು ಡಾಕ್ಟರೆಂದೇ ತಿಳಿದು ಕಾಲು ಮುಟ್ಟಿ ಹೋಯಿತಂತೆ. ಅದನ್ನು ಹೇಳುವಾಗ ಅವರ ಮುಖ ಅರಳುತ್ತಿತ್ತು.

ಕೆಲಸ ಮುಗಿದ ದಿನ ಮಾಲೀಕರು, ಇಷ್ಟು ದಿನ ಬುಡದಲ್ಲಿದ್ದೀರಿ, ಮೇಲೆ ಹೋಗಿ ದರ್ಶನ ಮಾಡಿಕೊಂಡೇ ಊರಿಗೆ ಹೋಗಿ ಎಂದರು. ಹೆಂಡತಿಗೆ ಆ ಬೆಟ್ಟ ಹತ್ತಬೇಕೆಂದು ಬಹಳ ದಿನದ ಆಸೆ. ಮರುದಿನ ಬೆಳಿಗ್ಗೆ ತಲೆಸ್ನಾನ ಮಾಡಿ, ಹೊಸ ಸೀರೆ ಉಟ್ಟು ಹೊರಟರು. ಗೌಂಡಿಯವರು ಮುಂದೆ, ಆಕೆ ಹಿಂದೆ. ಮೊದಲ ತಿರುವಿನಲ್ಲಿ ಇವರು ಹಿಂತಿರುಗಿ ನೋಡಿದರೆ ಆಕೆ ಇಲ್ಲ. ಇಳಿದು ಬಂದರು. ಕೆಳಗಿನ ಮೆಟ್ಟಿಲುಗಳಲ್ಲೇ ಆಕೆ ಕಂಬಿ ಹಿಡಿದು ಕೂತಿದ್ದರು.

"ಯಾಕ ಕುಂತಿ?"

"ನೀವು ಹೋಗಿ ಬರ್ರಿ. ನಾ ಇಲ್ಲೇ ಕೈ ಮುಗೀತೀನಿ."

"ಏನಾತು ಹೇಳು ಅಂತೀನಿ."

"ಮೊಣಕಾಲ ಮಡಚವಲ್ದು."

"ಇವತ್ತಿಂದ?"

ಆಕೆ ಸೀರೆಯ ಅಂಚನ್ನು ಕಾಲ ಮೇಲೆ ಎಳೆದುಕೊಂಡರು. ಇವರು ಮತ್ತೆ ಮತ್ತೆ ಕೇಳಿದ ಮೇಲೆ, "ನಮ್ಮ ಹುಡುಗಿ ಲಗ್ನಕ್ಕಿಂತ ಮೊದ್ಲಿಂದ" ಎಂದರು. ಮಗಳ ಲಗ್ನವಾಗಿ ಆಗಲೇ ವರ್ಷಗಳಾಗಿದ್ದವು.

ಗೌಂಡಿಯವರು ಆ ಮೆಟ್ಟಿಲ ಮೇಲೆಯೇ ಕುಕ್ಕರಿಸಿ, ಜನ ಹತ್ತಿ ಇಳಿಯುತ್ತಿದ್ದರೂ ಲೆಕ್ಕಿಸದೆ ಆಕೆಯ ಸೀರೆಯ ಅಂಚನ್ನು ಮಂಡಿಯವರೆಗೆ ಸರಿಸಿ ನೋಡಿದರು. ಎರಡೂ ಮೊಣಕಾಲಿನ ಚರ್ಮ ಹಿಮ್ಮಡಿಯ ಹಾಗೆ ದಪ್ಪಗೆ, ಕಪ್ಪಗೆ ಕಟ್ಟಿತ್ತು. ಬಲಗಾಲು ಊದಿ ಸ್ವಲ್ಪ ಸೊಟ್ಟವಾಗಿತ್ತು. ಅವನ್ನು ಈಗ ಮೊದಲ ಸಲ ನೋಡುತ್ತಿದ್ದ ಕಣ್ಣುಗಳು ಎಷ್ಟೋ ಊರಿನ ಎಷ್ಟೋ ಮೊಣಕಾಲುಗಳನ್ನು ದೂರದಿಂದಲೇ ಗುರುತಿಸಿದ್ದವು.

ದರ್ಶನ ಆಗಲಿಲ್ಲ. ಆಕೆಯನ್ನು ಒಬ್ಬಾಕೆಯನ್ನೇ ಅಲ್ಲಿ ಬಿಟ್ಟು ಹೋಗಲು ಇವರು ಒಪ್ಪಲಿಲ್ಲ. ಅಲ್ಲಿಂದ ನೆಟ್ಟಗೆ ಕೊಪ್ಪಳಕ್ಕೆ ಹೋದರು, ಅದೇ ದವಾಖಾನೆಗೆ. ಎಕ್ಸ್-ರೇ ಫೋಟೋ ತೆಗೆಸಿದರು. ವ್ಯಾಯಾಮದ ಡಾಕ್ಟರಮ್ಮ ಇನ್ನೂ ಅಲ್ಲೇ ಇದ್ದಳು. ಗೌಂಡಿಯವರನ್ನು ಗುರುತು ಹಿಡಿದು, ಅವರ ಕಾಲನ್ನು ಮಡಚಿ ಬಿಡಿಸಿ ನೋಡಿ, ನನ್ನ ಮಾತು ಕೇಳಿದ ಪೇಷೆಂಟು ನೀವೊಬ್ಬರೇ ಎಂದು ಮೆಚ್ಚಿದಳು. ಆಮೇಲೆ ಹೆಂಡತಿಯ ಕಾಲು ನೋಡಿದಳು. ಕೀಲಿನ ಒಳಗಿನ ಮೆತ್ತನೆಯ ಪದರು ಸವೆದು ಹೋಗಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಎಂದಳು. ಆಕೆ ಮಾಡುವ ಕೆಲಸ ಏನೆಂದು ತಿಳಿದಾಗ ಡಾಕ್ಟರಮ್ಮ ಗೌಂಡಿಯವರ ಕಡೆ ತಿರುಗಿದಳು.

"ಇವರೂ ನಿಮ್ಮ ಜೊತೆಗೇ ಕೆಲಸ ಮಾಡ್ತಾರಾ? ನಾನು ಹೇಳಿಕೊಟ್ಟಿದ್ದನ್ನು ಇವರಿಗೆ ಹೇಳಲಿಲ್ಲವಾ?"

ಗೌಂಡಿಯವರು ಬಾಯಿ ತೆರೆಯುವ ಮೊದಲೇ ಹೆಂಡತಿ, "ಹೇಳ್ಯಾರ್ರಿ ಮೇಡಂ. ದಿನಾ ಹೇಳ್ಯಾರ. ನಾನs ಕೇಳಿಲ್ಲ" ಎಂದುಬಿಟ್ಟರು.

ಇದನ್ನು ನನಗೆ ಹೇಳಿದ್ದು ಸ್ವತಃ ಗೌಂಡಿಯವರು, ನಮ್ಮ ಮನೆಯ ಕಟ್ಟೆಯ ಮೇಲೆ ಕೂತು. "ಅಕ್ಕೋರ, ಒಂದು ದಿನಾನೂ ಹೇಳಿಲ್ರಿ ನಾನು" ಎಂದರು. "ಊರ ಮಂದಿಗೆಲ್ಲ ಹೇಳೀನಿ. ನಿಮ್ಮತ್ತಿಗೆ ಕೌದಿ ಮಡಚಿ ಕೊಟ್ಟೀನಿ. ಆಕಿ ಹಿಂದಿನ ಖೋಲಿಯೊಳಗಿರ್ತಿದ್ಳು, ನಾ ಮುಂದಿನ ಖೋಲಿಯೊಳಗಿರ್ತಿದ್ನಿ. ಆಕಿ ಕುಂತಿದ್ದ ನಾ ನೋಡೇ ಇಲ್ಲ. ಬೆಳಿಗ್ಗೆ ಬಂದು ನೋಡಿದ್ರ ಸಂದಿ ತುಂಬಿರತಿತ್ತು, ನೆಲ ಲಕಲಕ ಅಂತಿತ್ತು. ಛಲೋ ಆಗೇತಿ ಅಂತ ಮುಂದ ಹೋಗ್ತಿದ್ನಿ." ಕಿವಿಯ ಪೆನ್ಸಿಲು ತೆಗೆದು ಕೈಯಲ್ಲಿ ತಿರುಗಿಸುತ್ತ, "ಆಕಿ ಸುಳ್ಳ ಹೇಳಿದ್ಳಲ್ರಿ ಡಾಕ್ಟರ ಮುಂದ. ನನ್ನ ಉಳಸಾಕ. ಅದs ನನಗ ಭಾಳ ಹತ್ತೇತಿ ನೋಡ್ರಿ" ಎಂದರು.

ಅಂದಿನಿಂದ ಆಕೆಯನ್ನು ಕೆಲಸಕ್ಕೆ ಕರೆದೊಯ್ಯಲಿಲ್ಲ. ಸಂದಿ ತುಂಬುವುದನ್ನೂ ತಾವೇ ಮಾಡತೊಡಗಿದರು. ಮನೆಯಲ್ಲಿ ಒಲೆ ನೆಲದ ಮೇಲಿತ್ತು, ಕಟ್ಟೆ ಕಟ್ಟಿ ಮೇಲಕ್ಕೆತ್ತಿದರು. ಪಾಯಖಾನೆಗೆ ಕುರ್ಚಿಯಂತೆ ಕೂರುವ ಕಮೋಡು ಹಾಕಿ, ಪಕ್ಕದ ಗೋಡೆಗೆ ಹಿಡಿಯಲು ಕಂಬಿ ಜಡಿದರು. ಉಣ್ಣಲು, ಕಾಳು ಹಸನು ಮಾಡಲು, ಟಿವಿ ನೋಡಲು ಆಕೆ ಕುರ್ಚಿಯ ಮೇಲೆಯೇ ಕೂರಬೇಕು. ನೆಲದ ಮೇಲೆ ಪಟ್ಟಗಾಲು ಹಾಕಿ ಕೂತರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರುವರು. ಬೆಳಿಗ್ಗೆ ಹೊರಸಿನ ಮೇಲೆ ಈಗ ಇಬ್ಬರೂ ಎದುರುಬದುರು ಕೂತು ಟವೆಲ್ಲು ಅದುಮುತ್ತಿದ್ದರು. "ಬಿಗಿ ಹಿಡಿ, ಹಿಡಿ, ಈಗ ಬಿಡು" ಎಂಬ ಗೌಂಡಿಯವರ ದನಿ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಕೋಲು ತಂದುಕೊಟ್ಟಾಗ ಆಕೆ ನೋಯುವ ಬಲಗಾಲಿನ ಕಡೆಯೇ ಹಿಡಿದರು. "ಅಲ್ಲ, ಎಡಗೈಯಾಗ. ನೋಯೋ ಕಾಲಿನ ಎದುರಿನ ಕೈಯಾಗ" ಎಂದು ಓಣಿಯ ಉದ್ದಕ್ಕೂ ಜೊತೆಗೆ ನಡೆದು ರೂಢಿ ಮಾಡಿಸಿದರು. ಬಿಗಿತ ಇದ್ದ ದಿನ ಬಿಸಿನೀರಿನ ಶಾಖ, ಊದಿದ ದಿನ ಬಟ್ಟೆಯಲ್ಲಿ ಸುತ್ತಿದ ಬರ್ಫ. ನಿಧಾನವಾಗಿ ಗುಣ ಕಂಡಿತು. ಆಕೆ ಸಂತೆಗೆ ನಡೆದು ಹೋಗಿ ಬರುವಷ್ಟಾದರು. ಆದರೆ ನೆಲಕ್ಕೆ ಕೂತು ಏಳುವುದು, ಮೆಟ್ಟಿಲು ಹತ್ತುವುದು ಮರಳಿ ಬರಲಿಲ್ಲ. ಮೊಮ್ಮಗ ಅಂಬೆಗಾಲಿಡುತ್ತ ದೂರ ಹೋದರೆ ಆಕೆ ಕುರ್ಚಿಯಲ್ಲಿ ಕೂತೇ ಕೈಚಾಚಿ ಕರೆಯುತ್ತಿದ್ದರು. ಗೌಂಡಿಯವರು ಅದನ್ನು ಬಾಗಿಲಲ್ಲಿ ನಿಂತು ನೋಡಿ ಹೊರಗೆ ಹೋಗಿಬಿಡುತ್ತಿದ್ದರು.

ಊರವರಿಗೆ ಪಾಠ ಹೇಳುವುದನ್ನು ಅವರು ಬಿಟ್ಟರು. ದಾರಿಯಲ್ಲಿ ಕುಂಟುವವರು ಎದುರಾದರೂ ಮುಖ ತಿರುಗಿಸಿ ಹೋಗುತ್ತಿದ್ದರು. ಯಾರಾದರೂ ಮನೆಗೇ ಬಂದು ಕೇಳಿದರೆ, "ಕೊಪ್ಪಳಕ್ಕ ಹೋಗ್ರಿ. ಅಲ್ಲಿ ಮೇಡಂ ಅದಾರ. ನನ್ನ ಕೇಳಬ್ಯಾಡ್ರಿ" ಎನ್ನುತ್ತಿದ್ದರು. ಬಂದವರಿಗೆ ಅರ್ಥವಾಗುತ್ತಿರಲಿಲ್ಲ, ಸೊಕ್ಕು ಬಂದಿದೆ ಎಂದುಕೊಂಡು ಹೋಗುತ್ತಿದ್ದರು. ನಮ್ಮತ್ತೆಯೂ ಹಾಗೆಯೇ ಅಂದುಕೊಂಡಿದ್ದರು.

ಒಂದು ಭಾನುವಾರ ನಮ್ಮ ಬಚ್ಚಲಲ್ಲಿ ಎದ್ದಿದ್ದ ಟೈಲ್ಸು ಕೂರಿಸಲು ಬಂದರು. ಕೆಲಸ ಮುಗಿಸಿ, ಸಂದಿಯನ್ನೂ ತಾವೇ ತುಂಬಿ, ಒರೆಸಿ, ಎದ್ದು ಕೈ ತೊಳೆದರು. ಅಕ್ಕ ಹೇಗಿದ್ದಾರೆ ಎಂದು ಕೇಳಿದೆ.

"ಅದಾಳ. ಛಲೋ ಅದಾಳ" ಎಂದರು. ಆಮೇಲೆ ತಡೆಯಲಾರದವರಂತೆ, "ಅಕ್ಕೋರ, ನೀವು ಕಲಿತವರು, ಒಂದು ಮಾತು ಕೇಳ್ತೀನಿ. ಆಕಿಗೆ ಸ್ವಲ್ಪ ಹೇಳ್ರಿ, ನನ್ನ ಒಮ್ಮೆ ಬೈ ಅಂತ" ಎಂದರು.

ನಾನು ಕೈ ಒರೆಸಿಕೊಳ್ಳಲು ಟವೆಲ್ಲು ಕೊಟ್ಟೆ.

"ದಿನಾ ಕೇಳ್ತೀನ್ರಿ, ನಿನ್ನ ಕಾಲ ನಾನs ಹಾಳ ಮಾಡಿದ್ನೆಲ್ಲ ಅಂತ. 'ಹಂಗ್ಯಾಕ ಅಂತೀರಿ, ನಿಮ್ಮದೇನ ತಪ್ಪ, ನನ್ನ ನಸೀಬ' ಅಂತಾಳ. ಅಷ್ಟ ಅಂದು ಚಾ ತಂದು ಕೊಡ್ತಾಳ. ಒಮ್ಮೆ ಸಿಟ್ಟಾಗಿ ತಾಟು ಒಗದ್ರ, ಬಾಯಿ ಮಾಡಿದ್ರ, ಹೌದು ತಪ್ಪಾತು ಅನಬೌದು. ಆಕಿ ತಪ್ಪs ಇಲ್ಲ ಅಂತಾಳ. ನಾ ಯಾರಿಗೆ ತಪ್ಪಾತು ಅನ್ಲಿ?"

ನಾನು ಆ ಮಾತನ್ನು ಆಕೆಗೆ ಮುಟ್ಟಿಸಿದೆ. ಸಂಜೆ ಹಿತ್ತಲ ಗೋಡೆಯ ಬಳಿ ನಿಂತು, ನಗುತ್ತಲೇ, ನಿಮ್ಮಿಂದ ಬೈಸಿಕೊಳ್ಳಬೇಕಂತೆ ಅವರಿಗೆ ಎಂದೆ. ಆಕೆ ಸೆರಗನ್ನು ಬಾಯಿಗೆ ಹಿಡಿದು ನಕ್ಕರು. "ಹುಚ್ಚ ಹಿಡದೈತಿ ಅವರಿಗೆ. ಇಷ್ಟು ಮಾಡ್ಯಾರ ನನಗ, ಒಲಿ ಎತ್ತಿಸ್ಯಾರ, ಕಾಲ ಒತ್ತತಾರ. ಅಂಥವರಿಗೆ ಬೈಲೇನ್ರಿ?" ಎಂದರು. ಆಕೆಯ ಮಾತೂ ನ್ಯಾಯವೇ ಎನಿಸಿ ನಾನು ಮುಂದುವರಿಸಲಿಲ್ಲ.

ಯಲಬುರ್ಗಾದ ಸುದ್ದಿ ಬಂದದ್ದು ಅದಾದ ಮುಂದಿನ ವರ್ಷ. ಹೆಣ ಮನೆಗೆ ಬರುವ ಹೊತ್ತಿಗೆ ನಾನು ಅಲ್ಲಿದ್ದೆ. ಹೆಂಗಸರೆಲ್ಲ ಅಂಗಳದಲ್ಲಿ ನೆಲಕ್ಕೆ ಕೂತು ಅಳುತ್ತಿದ್ದರು. ಆಕೆ ಕುರ್ಚಿಯ ಮೇಲೆ, ಕೋಲು ಹಿಡಿದು. ಗೌಂಡಿಯವರ ಕಡೆಯ ಹಿರಿಯಾಕೆಯೊಬ್ಬರು ಗಟ್ಟಿಯಾಗಿಯೇ ಅಂದರು: "ಗಂಡನ ಹೆಣದ ಮುಂದ ಕುರ್ಚಿ ಮ್ಯಾಲ ಕುಂತಾಳಲ್ಲ, ನಾಚಿಕಿ ಬ್ಯಾಡೇನ?"

ಆಕೆ ಕೋಲು ಬಿಟ್ಟು ನೆಲಕ್ಕಿಳಿಯಲು ನೋಡಿದರು. ಮಗಳು ಎರಡೂ ಭುಜ ಹಿಡಿದು ಕೂರಿಸಿ, "ಇಳೀಬ್ಯಾಡ ಯವ್ವಾ. ಅಪ್ಪ ಇದ್ದಿದ್ರ ಇಳಿಯಾಕ ಬಿಡ್ತಿದ್ದಿಲ್ಲ" ಎಂದಳು. ಹೆಣವನ್ನೇ ಒಂದು ಬೆಂಚು ತಂದು ಎತ್ತರಕ್ಕೆ ಇಟ್ಟರು. ಆಕೆ ಕೂತಲ್ಲಿಂದಲೇ ಬಾಗಿ ಗಂಡನ ಮುಖವನ್ನು, ಎದೆಯನ್ನು, ಆಮೇಲೆ ಕಾಲನ್ನು ಸವರಿದರು.

ದಿನಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಒಂದು ಸಂಜೆ ನಾನು ಹೋಗಿ ಆಕೆಯ ಪಕ್ಕ ಕೂತೆ. ಮಗಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆಕೆಯೇ ಶುರು ಮಾಡಿದರು.

"ಅಕ್ಕೋರ, ನೀವು ಹೇಳಿದ್ರೆಲ್ಲ ಅವತ್ತ. ನಾ ನಕ್ಕೊಂತ ಹೋದ್ನಿ."

"ಅದನ್ನೇಕೆ ಈಗ ನೆನಸ್ತೀರಕ್ಕ?"

"ಸಿಟ್ಟು ಇರ್ಲಿಲ್ಲ ಅಂತೇನಿಲ್ರಿ. ಇತ್ತು. ಭಾಳ ಇತ್ತು. ಆ ಮೆಟ್ಲ ಮ್ಯಾಲ ಕುಂತಾಗಿಂದ ಇತ್ತು. ಅದಕ್ಕೂ ಮೊದ್ಲಿತ್ತು. ಅವರು ಅಷ್ಟು ಸಣ್ಣಾಗಿದ್ರಲ್ಲ, ಮತ್ತ ಬೈದು ಇನ್ನೂ ಸಣ್ಣ ಮಾಡ್ಲ್ಯಾಕ ಅಂತ ನುಂಗಿದ್ನಿ. ಅವರಿಗೆ ಛಲೋ ಮಾಡೀನಿ ಅಂತ ತಿಳದಿದ್ನಿ." ಆಕೆ ಕೋಲಿನ ತುದಿಯಿಂದ ನೆಲ ಕೆರೆದರು. "ಒಮ್ಮೆ ಬೈಬೇಕಿತ್ರಿ. ಬೈದಿದ್ರ ಹಗುರಾಗಿ ಹೋಗ್ತಿದ್ರೇನೋ."

ನನಗೆ ಏನನ್ನಿಸಿತೋ, "ಬೈದಿದ್ದರೆ ಏನಂತ ಬೈತಿದ್ರಿ?" ಎಂದು ಕೇಳಿದೆ.

ಆಕೆ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದರು. ಆಮೇಲೆ ಬಂದ ದನಿ ನಾನು ಎಂದೂ ಕೇಳಿರದ ದನಿ.

"ಏನೋ, ಇವು ನನ್ನವೂ ಕಾಲ ಅನ್ನೂದು ಒಂದಿನಾನೂ ಹೊಳೀಲಿಲ್ಲೇನೋ ನಿನಗ?"

ಒಳಗೆ ರೊಟ್ಟಿಯ ಸದ್ದು ನಿಂತಿತು. ಹಿಟ್ಟು ಮೆತ್ತಿದ ಕೈಯಲ್ಲೇ ಮಗಳು, ಯಾರ ಜೊತೆ ಜಗಳ ಎಂದು ಓಡಿ ಬಂದಳು.